ಕಲ್ಲಿನ ಮೈ ತೊಳೆಯುವ ಮುನ್ನ

ವಿಧಾನಮಂಡಲದ ಚಳಿಗಾಲದ ಅಧಿವೇಶನ ಸಮೀಪಿಸಿತೆಂದರೆ ಬೆಳಗಾವಿ ನಗರ ಮೈ ತೊಳೆದುಕೊಳ್ಳಲು ಆರಂಭಿಸುತ್ತದೆ. ರಸ್ತೆ ವಿಭಜಕಗಳಿಗೆ ಬಣ್ಣ ಬೀಳುತ್ತದೆ, ವೃತ್ತಗಳಲ್ಲಿನ ಪ್ರತಿಮೆಗಳಿಗೆ ಹೊಳಪು ಬರುತ್ತದೆ, ಸರ್ಕಾರಿ ಕಟ್ಟಡಗಳ ಗೋಡೆಗಳು ಬೆಳಗುತ್ತವೆ. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ 1924ರ ಕಾಂಗ್ರೆಸ್ ಅಧಿವೇಶನದ ಶತಮಾನೋತ್ಸವದ ನಿಮಿತ್ತ 2024ರ ಡಿಸೆಂಬರ್‌ನಲ್ಲಿಯೂ ನಗರ ಹೀಗೆಯೇ ಸಿಂಗಾರಗೊಂಡಿತ್ತು. ಊರು ಚೊಕ್ಕಟವಾಗಿರಬೇಕೆಂಬ ಅಪೇಕ್ಷೆಯಲ್ಲಿ ತಪ್ಪೇನೂ ಇಲ್ಲ. ಆದರೆ ಇದೇ ಉತ್ಸಾಹ ಏಳೆಂಟು ನೂರು ವರ್ಷಗಳ ಹಿಂದಿನ ಗುಡಿಯ ಗೋಡೆಯನ್ನೋ, ನೂರೈವತ್ತು ವರ್ಷಗಳ ಹಿಂದಿನ ಚರ್ಚಿನ ಗೋಪುರವನ್ನೋ, ಶಹಾಪುರದ ಪೇಟೆಯ ಹಳೆಯ ವಾಡೆಯನ್ನೋ ತಲುಪಿದಾಗ ನಾವು ಒಂದು ಕ್ಷಣ ನಿಂತು ಯೋಚಿಸಬೇಕಾಗುತ್ತದೆ. ನಿರ್ಲಕ್ಷ್ಯದಿಂದ ಕಲ್ಲಿಗೆ ಆಗುವ ಹಾನಿ ನಿಧಾನವಾದುದು. ಅದನ್ನು ತಡೆಯಲು ಕಾಲಾವಕಾಶವಿರುತ್ತದೆ. ತಪ್ಪು ವಿಧಾನದ ಶುಚಿಗೊಳಿಸುವಿಕೆಯಿಂದ ಆಗುವ ಹಾನಿ ಒಂದೇ ವಾರದಲ್ಲಿ ಮುಗಿದುಹೋಗುತ್ತದೆ, ಅದನ್ನು ಯಾವ ಅನುದಾನವೂ ಸರಿಪಡಿಸಲಾರದು.

ಈ ಸೀಮೆಯ ಕಟ್ಟಡ ಸಂಪತ್ತು ಸಾಮಾನ್ಯವಾದುದಲ್ಲ. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯನ್ನು ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ. ಅದರ ಮುಖಮಂಟಪದ ಚಾವಣಿಯಿಂದ ಇಳಿಬಿದ್ದಿರುವ ಕಲ್ಲಿನ ತಾವರೆಯೇ ಬಸದಿಗೆ ಆ ಹೆಸರು ತಂದುಕೊಟ್ಟಿದೆ. ಅದೇ ಕೋಟೆಯಲ್ಲಿ ಬಿಜಾಪುರ ಸುಲ್ತಾನರ ಅಧಿಕಾರಿ ಅಸದ್ ಖಾನ್ ಲಾರಿ ಹದಿನಾರನೆಯ ಶತಮಾನದಲ್ಲಿ ಕಟ್ಟಿಸಿದ ಸಫಾ ಮಸೀದಿಯಿದೆ. ಕ್ಯಾಂಪ್ ಪ್ರದೇಶದಲ್ಲಿ ಹತ್ತೊಂಬತ್ತನೆಯ ಶತಮಾನದ ಸೇಂಟ್ ಮೇರಿ ಚರ್ಚ್ ಇದೆ. ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ, ಅಂದರೆ ಕದಂಬರ ಶಾಸನಗಳು ಪಲಾಶಿಕಾ ಎಂದು ಕರೆದ ಊರಿನಲ್ಲಿ, ಭೂವರಾಹ ನರಸಿಂಹ ದೇವಾಲಯ ನಿಂತಿದೆ. ಇನ್ನು ಶಹಾಪುರದ ಕಥೆಯೇ ಬೇರೆ. 1948ರಲ್ಲಿ ವಿಲೀನವಾಗುವವರೆಗೆ ಅದು ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ ಪೇಟೆ. ಪಕ್ಕದಲ್ಲೇ ಬ್ರಿಟಿಷರ ದಂಡು, ಇಲ್ಲಿ ಪಟವರ್ಧನರ ಆಡಳಿತ. ಹೀಗಾಗಿ ನೇಕಾರರ ಮತ್ತು ವ್ಯಾಪಾರಸ್ಥರ ಈ ಪೇಟೆಯ ಮನೆ, ಗುಡಿ, ಮಠಗಳು ತಮ್ಮದೇ ಆದ ಚಹರೆಯನ್ನು ಉಳಿಸಿಕೊಂಡು ಬಂದವು. ಶಹಾಪುರದತ್ತ ಹೋಗುವ ದಾರಿಯ ಕಪಿಲೇಶ್ವರನಿಗೆ ಇಂದಿಗೂ ಶ್ರಾವಣ ಮಾಸದಲ್ಲಿ, ಶಿವರಾತ್ರಿಯಲ್ಲಿ ಜನ ಕಿಕ್ಕಿರಿಯುತ್ತಾರೆ.

ಇವುಗಳಲ್ಲಿ ಕೋಟೆಯೊಳಗಿನ ಜಿನಾಲಯ ಮತ್ತು ಸಫಾ ಮಸೀದಿಯಂಥವು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಅಲ್ಲಿ ಯಾರೂ ತಮಗೆ ತೋಚಿದಂತೆ ಪೊರಕೆ ಎತ್ತುವಂತಿಲ್ಲ. ಅಪಾಯವಿರುವುದು ಯಾವ ಪಟ್ಟಿಯಲ್ಲೂ ಸೇರದ ಕಟ್ಟಡಗಳಿಗೆ. ಟ್ರಸ್ಟಿಗಳ ಕೈಯಲ್ಲಿರುವ ಗುಡಿಗಳು, ಮನೆತನಗಳ ಪಾಲಿಗೆ ಬಂದ ವಾಡೆಗಳು, ಇಲಾಖೆಗಳು ಇಂದಿಗೂ ಬಳಸುತ್ತಿರುವ ಹಳೆಯ ಕಚೇರಿಗಳು, ಶಾಲೆಗಳು ಮುಂತಾದವುಗಳನ್ನು ಯಾರು ತೊಳೆಯಬೇಕು, ಹೇಗೆ ತೊಳೆಯಬೇಕು ಎಂಬುದನ್ನು ಹೇಳುವವರಿಲ್ಲ.

ಕಲ್ಲಿಗೂ ಚರ್ಮವಿದೆ

ಕಲ್ಲು ಎಂದರೆ ಒಳಗೂ ಹೊರಗೂ ಒಂದೇ ಎಂಬುದು ನಮ್ಮ ಸಾಮಾನ್ಯ ತಿಳಿವಳಿಕೆ. ಭೂವಿಜ್ಞಾನ ಹೇಳುವುದು ಬೇರೆ. ಖಾನಾಪುರ ಸೀಮೆಯ ಜಂಬಿಟ್ಟಿಗೆಯನ್ನೇ ತೆಗೆದುಕೊಳ್ಳೋಣ. ಕರಾವಳಿಯವರು ಕೆಂಪುಕಲ್ಲು ಎನ್ನುವ, ಮರಾಠಿಯಲ್ಲಿ ಜಾಂಭಾ ಎನ್ನುವ ಈ ಕಲ್ಲು ನೆಲದೊಳಗಿದ್ದಾಗ ಕೊಡಲಿಗೆ ಕತ್ತರಿಸುವಷ್ಟು ಮೆದುವಾಗಿರುತ್ತದೆ. ಗಾಳಿ ಬಿಸಿಲಿಗೆ ತೆರೆದುಕೊಂಡ ಬಳಿಕ ಅದರೊಳಗಿನ ಕಬ್ಬಿಣದ ಅಂಶ ಗಟ್ಟಿಗೊಂಡು ಹೊರಮೈ ಬಲಿಯುತ್ತದೆ. 1800-01ರಲ್ಲಿ ಮಲಬಾರಿನಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇದೇ ಗುಣವನ್ನು ಕಂಡು ಬೆರಗಾಗಿ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನಿಟ್ಟ. ಹೀಗೆ ಬಲಿತ ಹೊರಪದರವೇ ಗೋಡೆಯ ಕವಚ. ಅದನ್ನು ಉಜ್ಜಿ ತೆಗೆದರೆ ಒಳಗಿನ ರಂಧ್ರಮಯ ಮೆದುಭಾಗ ಮಳೆಗೆ ಬಾಯ್ದೆರೆದು ನಿಲ್ಲುತ್ತದೆ.

ಕಮಲ ಬಸದಿಯಂಥ ದೇಗುಲಗಳಲ್ಲಿರುವ ಬಳಪದ ಕಲ್ಲಿನ ಸ್ಥಿತಿ ಇನ್ನೂ ನಾಜೂಕಿನದು. 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹೊಯ್ಸಳ ದೇವಾಲಯಗಳ ಕುಸುರಿಗೆ ಕಾರಣವೂ ಇದೇ ಕಲ್ಲಿನ ಮೃದುತ್ವ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಈ ಕಲ್ಲಿನ ಮುಖ್ಯ ಖನಿಜಗಳಾದ ಟಾಲ್ಕ್ ಮತ್ತು ಕ್ಲೋರೈಟ್‌ಗಳ ಸ್ಥಾನ 1ರಿಂದ 2.5ರವರೆಗೆ. ಮರಳಿನಲ್ಲಿರುವ ಸ್ಫಟಿಕದ ಸ್ಥಾನ 7. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಬಳಪದ ಕಲ್ಲಿನ ಮೇಲೆ ಮರಳು ಎರಚಿದಾಗ ಏನಾಗುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಸುಟ್ಟ ಇಟ್ಟಿಗೆಗೂ ಹೀಗೆಯೇ ಭಟ್ಟಿಯ ಕಾವಿನಲ್ಲಿ ಬಲಿತ ಹೊರಮೈ ಇರುತ್ತದೆ. ಸುಣ್ಣದ ಗಾರೆಯಂತೂ ಇವೆಲ್ಲಕ್ಕಿಂತ ಸೂಕ್ಷ್ಮ. ಕೊಂಚ ಗಟ್ಟಿಮುಟ್ಟಾದುದೆಂದರೆ ದಖನ್ ಪ್ರಸ್ಥಭೂಮಿಯ ಕರಿಕಲ್ಲು. ಆದರೆ ಕಲ್ಲು ತಡೆದರೂ ಕಲ್ಲುಗಳ ಸಂದಿಯ ಗಾರೆ ತಡೆಯಬೇಕಲ್ಲ!

ಮನೆಯ ಹೆಣ್ಣುಮಕ್ಕಳನ್ನು ಕೇಳಿದರೆ ರೇಷ್ಮೆಯ ಸೆರಗಿರುವ ಸೀರೆಯನ್ನೂ ಒರಟು ಹೊದಿಕೆಯನ್ನೂ ಒಂದೇ ಬಂಡೆಗೆ ಬಡಿದು ಒಗೆಯಬಾರದೆಂದು ಹೇಳುತ್ತಾರೆ. ನೇಕಾರರ ಊರಾದ ಶಹಾಪುರಕ್ಕೆ ಈ ಮಾತನ್ನು ಕಲಿಸಬೇಕಾಗಿಲ್ಲ. ಬಟ್ಟೆಯ ವಿಷಯದಲ್ಲಿ ನಮಗಿರುವ ಈ ವಿವೇಕ ಗೋಡೆಯ ವಿಷಯಕ್ಕೆ ಬಂದಾಗ ಮಾಯವಾಗುವುದೇಕೆ?

ಕಪ್ಪು ಎಲ್ಲಿಂದ ಬಂತು?

ವೈದ್ಯರು ರೋಗವನ್ನು ಗುರುತಿಸದೆ ಔಷಧ ಬರೆಯುವುದಿಲ್ಲ. ಗೋಡೆಯ ಮೇಲಿನ ಕಪ್ಪಿಗೂ ಒಂದೇ ಕಾರಣವಿರುವುದಿಲ್ಲ. ಕಲ್ಲಿದ್ದಲು ಸುಡುತ್ತಿದ್ದ ಕಾಲದ ಲಂಡನ್ನಿನಲ್ಲಿ ಕಟ್ಟಡಗಳು ಕಪ್ಪಾದದ್ದು ಹೊಗೆಯಿಂದ. ಹೊಗೆಯ ಗಂಧಕ ಸುಣ್ಣಕಲ್ಲಿನೊಡನೆ ಸೇರಿ ಜಿಪ್ಸಂ ಆಗಿ, ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಂಡು ಗಟ್ಟಿ ಪೊರೆಯಾಗುತ್ತಿತ್ತು. ಸಹ್ಯಾದ್ರಿಯ ಸೆರಗಿನಲ್ಲಿರುವ ಬೆಳಗಾವಿ, ಖಾನಾಪುರಗಳಲ್ಲಿ ಪರಿಸ್ಥಿತಿ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳು ಒಣಗುವುದೇ ಅಪರೂಪ. ಆ ತೇವದಲ್ಲಿ ಪಾಚಿ, ಹಾವಸೆ, ಕಲ್ಲುಹೂವುಗಳು ಬೆಳೆಯುತ್ತವೆ. ಮಳೆಗಾಲದಲ್ಲಿ ಹಸಿರಾಗಿ ಕಾಣುವ ಈ ಬೆಳವಣಿಗೆ ಬೇಸಿಗೆಯಲ್ಲಿ ಒಣಗಿ ಕಪ್ಪಾಗುತ್ತದೆ. ನಾವು ಕೊಳೆ ಎಂದು ಕರೆಯುವ ಆ ಕಪ್ಪಿನಲ್ಲಿ ದೊಡ್ಡ ಪಾಲು ಜೀವಿಗಳದೇ.

ಇದರ ಅರ್ಥ ಸರಳವಾದುದು. ಗೋಡೆಗೆ ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಹುಡುಕದೆ ಗೋಡೆಯನ್ನು ತೊಳೆದರೆ ಎರಡನೆಯ ಮಳೆಗಾಲಕ್ಕೆ ಕಪ್ಪು ಮರಳಿ ಬರುತ್ತದೆ. ಮುರಿದ ಹೆಂಚು, ಕಸ ತುಂಬಿದ ದೋಣಿ, ಕಳಚಿದ ನೀರಿನ ಕೊಳವೆ, ಚಾವಣಿಯ ಬಿರುಕಿನಲ್ಲಿ ಬೇರೂರಿದ ಅರಳಿಯ ಸಸಿ ಇವುಗಳನ್ನು ಸರಿಪಡಿಸುವುದೇ ಶುಚಿಗೊಳಿಸುವ ಕೆಲಸದ ಮೊದಲ ಅರ್ಧ. ಬಹಳಷ್ಟು ಸಂದರ್ಭಗಳಲ್ಲಿ ಅಷ್ಟೇ ಸಾಕಾಗುತ್ತದೆ.

ಬಳಕೆಯಲ್ಲಿರುವ ಗುಡಿಗಳಲ್ಲಿ ಬೇರೆ ಬಗೆಯ ಲೇಪಗಳೂ ಇರುತ್ತವೆ. ದೀಪದ ಮಸಿ, ಎಣ್ಣೆಯ ಜಿಡ್ಡು, ಅರಿಸಿನ ಕುಂಕುಮ, ಬಾವಲಿ ಮತ್ತು ಪಾರಿವಾಳಗಳ ಹಿಕ್ಕೆ ಇವೆಲ್ಲ ತಲೆಮಾರುಗಳಿಂದ ಕೂಡಿಕೊಂಡು ಬಂದವು. ಇತ್ತೀಚಿನ ದಶಕಗಳಲ್ಲಿ ಇವುಗಳ ಮೇಲೆ ಎಣ್ಣೆಬಣ್ಣ ಬಂದು ಕೂತಿದೆ. ಎನಾಮಲ್ ಬಣ್ಣ ಕಲ್ಲಿನ ಉಸಿರು ಕಟ್ಟಿಸುತ್ತದೆ. ಒಳಗೆ ಸೇರಿದ ತೇವ ಹೊರಬರಲಾಗದೆ ಲವಣಗಳನ್ನು ಬಣ್ಣದ ಹಿಂಭಾಗದಲ್ಲಿ ಹರಳುಗಟ್ಟಿಸುತ್ತದೆ. ಕೊನೆಗೆ ಬಣ್ಣದ ಹಕ್ಕಳೆ ಬೀಳುವಾಗ ಕಲ್ಲಿನ ಮೇಲ್ಪದರವನ್ನೂ ಜೊತೆಗೆ ಕಿತ್ತುಕೊಂಡು ಬರುತ್ತದೆ.

ಮೂರು ಅಡ್ಡದಾರಿಗಳು

ತ್ವರಿತ ಫಲ ಬಯಸುವವರ ಮುಂದೆ ಇಂದು ಮೂರು ಸುಲಭ ಮಾರ್ಗಗಳಿವೆ. ಮೂರೂ ವಿನಾಶಕಾರಿ.

ಮೊದಲನೆಯದು ಸ್ಯಾಂಡ್ ಬ್ಲಾಸ್ಟಿಂಗ್, ಅಂದರೆ ಗಾಳಿಯ ಒತ್ತಡದಿಂದ ಮರಳನ್ನು ಗೋಡೆಗೆ ರಭಸವಾಗಿ ಎರಚುವುದು. ಹಡಗಿನ ತಳದ ತುಕ್ಕು ತೆಗೆಯಲು ಬಳಸುವಂಥ ಈ ವಿಧಾನ ಗುಡಿಯ ಗೋಡೆಗೆ ಬಂದಾಗ ಎಣ್ಣೆಬಣ್ಣದೊಡನೆ ಮೂರ್ತಿಗಳ ಮೂಗು, ಬೆರಳು, ಆಭರಣಗಳ ಅಂಚು ಎಲ್ಲವೂ ಮೊಂಡಾಗುತ್ತವೆ. ಒಂದೆರಡು ಮಿಲಿಮೀಟರ್ ಆಳದ ಶಾಸನದ ಅಕ್ಷರಗಳು ಅಳಿಸಿಹೋಗಲು ಕೆಲವೇ ನಿಮಿಷ ಸಾಕು. ಇದರ ಇನ್ನೊಂದು ಬಲಿ ಆ ಯಂತ್ರವನ್ನು ಹಿಡಿದ ಕಾರ್ಮಿಕ. ಸ್ಫಟಿಕದ ನುಣುಪಾದ ಧೂಳು ಶ್ವಾಸಕೋಶ ಸೇರಿ ತರುವ ಸಿಲಿಕೋಸಿಸ್ ಎಂಬ ರೋಗಕ್ಕೆ ಚಿಕಿತ್ಸೆ ಇಲ್ಲ. ಇದೇ ಕಾರಣದಿಂದ ಬ್ರಿಟನ್ 1949ರಷ್ಟು ಹಿಂದೆಯೇ ಎರಕದ ವಸ್ತುಗಳ ಮೇಲೆ ಮರಳೆರಚುವುದನ್ನು ನಿಷೇಧಿಸಿತು. ಮುಖಕ್ಕೆ ಒಂದು ಬಟ್ಟೆ ಕಟ್ಟಿಕೊಂಡು ಸಾರವೆ ಏರುವ ನಮ್ಮ ಕಾರ್ಮಿಕನ ಆರೋಗ್ಯವೂ ಆ ಗೋಡೆಯಷ್ಟೇ ಮುಖ್ಯವಾದುದು.

ಎರಡನೆಯದು ಆಮ್ಲ. ಹೊಸ ಮನೆಯ ನೆಲಹಾಸಿನ ಸಿಮೆಂಟ್ ಕಲೆ ತೆಗೆಯಲು ಬಳಸುವ ಹೈಡ್ರೋಕ್ಲೋರಿಕ್ ಆಮ್ಲವನ್ನೇ ಹಳೆಯ ಗೋಡೆಗೂ ಬಳಿಯುವ ರೂಢಿ ಇದೆ. ನೊರೆ ಉಕ್ಕುವುದನ್ನು ಕಂಡು ಕೊಳೆ ಹೋಗುತ್ತಿದೆ ಎಂದು ಭಾವಿಸುತ್ತೇವೆ. ವಾಸ್ತವದಲ್ಲಿ ಆ ನೊರೆ ಸುಣ್ಣದ ಗಾರೆ ಕರಗಿ ಹೊರಬೀಳುವ ಇಂಗಾಲದ ಡೈಆಕ್ಸೈಡ್. ಉಳಿಯುವ ಕ್ಯಾಲ್ಸಿಯಂ ಕ್ಲೋರೈಡ್ ಗಾಳಿಯ ತೇವವನ್ನು ಹೀರುವ ಲವಣ. ಅದು ಗೋಡೆಯೊಳಗೆ ಇಳಿದು ಮುಂದಿನ ಹಲವು ಋತುಗಳವರೆಗೆ ಕಾಟ ಕೊಡುತ್ತದೆ. ಜಂಬಿಟ್ಟಿಗೆ ಮತ್ತು ಕರಿಕಲ್ಲಿನಲ್ಲಿರುವ ಕಬ್ಬಿಣವನ್ನು ಆಮ್ಲ ಕರಗಿಸಿ ಹಳದಿ, ತುಕ್ಕುಬಣ್ಣದ ಕಲೆಗಳನ್ನು ಉಳಿಸಿಹೋಗುತ್ತದೆ. ಆಮ್ಲಕ್ಕೆ ಬದಲಾಗಿ ಬಳಸುವ ಕಾಸ್ಟಿಕ್ ಸೋಡಾ, ಬ್ಲೀಚಿಂಗ್ ಪುಡಿಗಳೂ ಲವಣವನ್ನು ಬಿಟ್ಟುಹೋಗುವುದರಲ್ಲಿ ಹಿಂದೆ ಬಿದ್ದಿಲ್ಲ.

ಮೂರನೆಯದು ಅಧಿಕ ಒತ್ತಡದ ನೀರು. ನೀರು ನಿರುಪದ್ರವಿ ಎಂಬ ನಂಬಿಕೆಯಿಂದ ವಾಹನ ತೊಳೆಯುವ ಯಂತ್ರವನ್ನು ತಂದು ಗೋಡೆಗೆ ಹಿಡಿಯುತ್ತಾರೆ. ನಮ್ಮ ನಲ್ಲಿಯ ನೀರಿನ ಒತ್ತಡ ಎರಡು ಮೂರು ಬಾರ್ ಇದ್ದರೆ ಈ ಯಂತ್ರಗಳದು ನೂರು ಬಾರ್‌ಗೂ ಹೆಚ್ಚು. ಸಂದಿಯ ಗಾರೆ ಕೊಚ್ಚಿಹೋಗುತ್ತದೆ, ನೀರು ಗೋಡೆಯ ಒಡಲಿಗೆ ನುಗ್ಗುತ್ತದೆ, ಒಳಗಿನ ಲವಣಗಳು ಎಚ್ಚರಗೊಂಡು ಹೊರಮೈಯಲ್ಲಿ ಬಿಳಿಯ ಹುಡಿಯಾಗಿ ಮೂಡುತ್ತವೆ. ಆಗ ಗಾರೆ ಹೋದ ಸಂದಿಗಳಿಗೆ ಸಿಮೆಂಟ್ ತುಂಬುವುದು ಮುಂದಿನ ಹೆಜ್ಜೆ. ಸಿಮೆಂಟ್ ಮೆದು ಕಲ್ಲಿಗಿಂತ ಗಡಸು ಮತ್ತು ತೇವವನ್ನು ಹೊರಬಿಡದು. ತೇವ ಸಂದಿಯ ಬದಲು ಕಲ್ಲಿನ ಮೂಲಕವೇ ಹೊರಬರುವ ದಾರಿ ಹುಡುಕುತ್ತದೆ. ಕೆಲವು ವರ್ಷಗಳಲ್ಲಿ ಸಿಮೆಂಟ್ ಗೆರೆ ಉಬ್ಬಿ ನಿಂತು, ಕಲ್ಲು ಅದರ ಹಿಂದೆ ಸವೆದು ಗುಳಿಬಿದ್ದಿರುತ್ತದೆ.

ಜಗತ್ತು ತೆತ್ತ ಬೆಲೆ

ಈ ಪಾಠಗಳನ್ನು ಜಗತ್ತು ಕಷ್ಟಪಟ್ಟೇ ಕಲಿತಿದೆ. ಇಂಗ್ಲೆಂಡಿನಲ್ಲಿ ಹಳೆಯ ಚರ್ಚುಗಳ ಗೋಡೆಯನ್ನು ಕೆರೆದು 'ಹೊಸದು' ಮಾಡುವ ಹುಚ್ಚನ್ನು ವಿರೋಧಿಸಿ ಕವಿ, ಚಿಂತಕ ವಿಲಿಯಂ ಮಾರಿಸ್ 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘವನ್ನು ಸ್ಥಾಪಿಸಿದ. 'ಕೆರೆತ ವಿರೋಧಿಗಳು' ಎಂಬ ಅರ್ಥದ ಅಡ್ಡಹೆಸರೇ ಆ ಸಂಘಕ್ಕೆ ಅಂಟಿಕೊಂಡಿತು. ಅದೇ ದೇಶದ ಬ್ರಿಟಿಷ್ ಮ್ಯೂಸಿಯಂನಲ್ಲಿ 1937-38ರಲ್ಲಿ ಅಥೆನ್ಸಿನ ಪಾರ್ಥೆನಾನ್ ದೇಗುಲದ ಶಿಲ್ಪಗಳನ್ನು ತಾಮ್ರದ ಉಪಕರಣಗಳಿಂದ ಉಜ್ಜಿ ಬಿಳುಪಾಗಿಸಲಾಯಿತು. ದಾನಿಯೊಬ್ಬರು ಕಟ್ಟಿಸಿಕೊಡುತ್ತಿದ್ದ ಹೊಸ ಪ್ರದರ್ಶನಾಲಯದಲ್ಲಿ ಅವು ಬೆಳ್ಳಗೆ ಕಾಣಬೇಕೆಂಬುದೇ ಕಾರಣ. ಆ ಅಮೃತಶಿಲೆಯ ಸಹಜ ಜೇನುಬಣ್ಣ ಅದರೊಡನೆ ಹೊರಟುಹೋಯಿತು. ವಿವಾದ ಮಾತ್ರ ಆರು ದಶಕಗಳ ನಂತರವೂ ಹೊಗೆಯಾಡುತ್ತಿತ್ತು. ನಮ್ಮ ದೇಶವೂ ಇದಕ್ಕೆ ಹೊರತಲ್ಲ. 1986ರಿಂದ 1993ರವರೆಗೆ ಕಾಂಬೋಡಿಯಾದ ಅಂಕೋರ್ ವಾಟ್‌ನಲ್ಲಿ ಭಾರತೀಯ ತಜ್ಞರು ಯುದ್ಧಗ್ರಸ್ತ ಪರಿಸ್ಥಿತಿಯಲ್ಲಿ ಮಹತ್ವದ ಜೀರ್ಣೋದ್ಧಾರ ನಡೆಸಿದರು. ಬೇರಾವ ದೇಶವೂ ಹೋಗಲು ಹಿಂಜರಿಯುತ್ತಿದ್ದ ಕಾಲವದು. ಆದರೂ ಅಲ್ಲಿ ಮರಳುಗಲ್ಲಿನ ಮೇಲಿನ ಪಾಚಿ, ಕಲ್ಲುಹೂವುಗಳನ್ನು ರಾಸಾಯನಿಕ ಬಳಸಿ ಬ್ರಷ್‌ನಿಂದ ಉಜ್ಜಿದ ಕ್ರಮ ಅಂತರರಾಷ್ಟ್ರೀಯ ಟೀಕೆಗೆ ಗುರಿಯಾಯಿತು.

ತಾಜ್ ಮಹಲಿನ ಅನುಭವ ಇನ್ನೊಂದು ಬಗೆಯದು. ಅಲ್ಲಿ ಹಳದಿಗಟ್ಟಿದ ಅಮೃತಶಿಲೆಗೆ 1994ರಿಂದ ಮುಲ್ತಾನಿ ಮಿಟ್ಟಿಯ ಲೇಪ ಹಚ್ಚುವ ಸೌಮ್ಯ ವಿಧಾನವನ್ನು ಅನುಸರಿಸಲಾಗಿದೆ. ಒಣಗುವಾಗ ಜೇಡಿ ಕೊಳೆಯನ್ನು ತನ್ನತ್ತ ಸೆಳೆದುಕೊಳ್ಳುತ್ತದೆ, ಬಳಿಕ ಶುದ್ಧ ನೀರಿನಿಂದ ತೊಳೆದರಾಯಿತು. ವಿಧಾನ ಸರಿಯಾಗಿದ್ದರೂ 2001, 2008, 2014ರಲ್ಲಿ ಅದನ್ನು ಮತ್ತೆ ಮತ್ತೆ ಮಾಡಬೇಕಾಯಿತು. ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 30ರಂದು ನೀಡಿದ ತೀರ್ಪಿನಲ್ಲಿ ತಾಜ್ ಸುತ್ತಲಿನ ಕೈಗಾರಿಕೆಗಳು ಕಲ್ಲಿದ್ದಲನ್ನು ಬಿಟ್ಟು ನೈಸರ್ಗಿಕ ಅನಿಲಕ್ಕೆ ಬದಲಾಗಬೇಕು ಇಲ್ಲವೇ ಸ್ಥಳಾಂತರಗೊಳ್ಳಬೇಕು ಎಂದದ್ದು ಈ ಕಾರಣಕ್ಕೇ. ಕೊಳೆಯ ಮೂಲವನ್ನು ಮುಟ್ಟದೆ ಗೋಡೆಯನ್ನಷ್ಟೇ ತೊಳೆಯುವುದು ಕೊನೆಯಿಲ್ಲದ ಕೆಲಸ.

ಸರಿಯಾದ ಕ್ರಮ ಯಾವುದು?

ಜಗತ್ತಿನಾದ್ಯಂತ ಸಂರಕ್ಷಣಾ ತಜ್ಞರು ಒಪ್ಪಿರುವ ಸೂತ್ರವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಅತ್ಯಂತ ಸೌಮ್ಯವಾದ ವಿಧಾನದಿಂದ ಆರಂಭಿಸಿ, ಸಾಕು ಎನಿಸಿದೊಡನೆ ನಿಲ್ಲಿಸಿ. ಅಮೆರಿಕದ ಸರ್ಕಾರಿ ಮಾರ್ಗದರ್ಶಿಗಳು ದಶಕಗಳಿಂದ ಇದನ್ನೇ ಹೇಳುತ್ತ ಬಂದಿವೆ. ನಮ್ಮಲ್ಲಿ ಸರ್ ಜಾನ್ ಮಾರ್ಷಲ್ 1923ರಲ್ಲಿ ಪ್ರಕಟಿಸಿದ ಸಂರಕ್ಷಣಾ ಕೈಪಿಡಿಯ ಒತ್ತು ಕೂಡ ನವೀಕರಣಕ್ಕಿಂತ ಇದ್ದುದನ್ನು ಉಳಿಸಿಕೊಳ್ಳುವುದರ ಮೇಲೆಯೇ. ಪುರಾತತ್ವ ಇಲಾಖೆಯಲ್ಲಿ ರಸಾಯನತಜ್ಞರ ಸೇವೆ 1917ರಷ್ಟು ಹಿಂದೆಯೇ ಆರಂಭವಾಗಿದ್ದು, ಡೆಹ್ರಾಡೂನ್‌ನಲ್ಲಿ ಅದರ ವಿಜ್ಞಾನ ಶಾಖೆಯಿದೆ. ಹೀಗಾಗಿ ಜ್ಞಾನದ ಕೊರತೆ ನಮಗಿಲ್ಲ. ಅದು ತಾಲ್ಲೂಕು ಮಟ್ಟದ ಎಂಜಿನಿಯರರನ್ನೂ ದೇವಸ್ಥಾನ ಸಮಿತಿಯನ್ನೂ ತಲುಪಿಲ್ಲ, ಅಷ್ಟೆ.

ಕೆಲಸದ ಕ್ರಮ ಸ್ಥೂಲವಾಗಿ ಹೀಗೆ. ಮೊದಲು ಇಡೀ ಕಟ್ಟಡದ ಛಾಯಾಚಿತ್ರ ತೆಗೆಯಬೇಕು. ಶಾಸನ, ಶಿಲ್ಪ, ಹಳೆಯ ಬಣ್ಣದ ಕುರುಹುಗಳಿರುವಲ್ಲಿ ಗುರುತು ಹಾಕಬೇಕು. ನೀರು ಸೋರುವ ದಾರಿಗಳನ್ನು ಮುಚ್ಚಬೇಕು. ಅರಳಿ, ಆಲದ ಸಸಿಗಳನ್ನು ಎಳೆದು ಕೀಳಬಾರದು. ಕೀಳುವಾಗ ಬೇರಿನೊಡನೆ ಕಲ್ಲೂ ಬರುತ್ತದೆ. ಕತ್ತರಿಸಿ, ಬೇರು ಸಾಯುವಂತೆ ಉಪಚರಿಸಿ, ಒಣಗಿದ ಬಳಿಕ ತೆಗೆಯಬೇಕು. ಆನಂತರ ಮೆದುವಾದ ನಾರಿನ ಬ್ರಷ್‌ನಿಂದ ಒಣ ಧೂಳನ್ನು ತೆಗೆಯುವುದು. ತಂತಿ ಬ್ರಷ್ ಕೂಡದು. ಅದರ ಎಳೆಗಳು ಮುರಿದು ಕಲ್ಲಿನಲ್ಲಿ ಉಳಿದು ತುಕ್ಕಿನ ಕಲೆ ಮಾಡುತ್ತವೆ. ಮುಂದೆ ಕಡಿಮೆ ಒತ್ತಡದ ಶುದ್ಧ ನೀರು, ಅದೂ ಮಿತವಾಗಿ. ಪಾಚಿ, ಕಲ್ಲುಹೂವುಗಳಿಗೆ ತಜ್ಞರು ಸೂಚಿಸುವ ಜೀವನಾಶಕವನ್ನು ಹಚ್ಚಿ, ಅವು ಸತ್ತು ಒಣಗುವವರೆಗೆ ಕಾದು, ತಾವಾಗಿ ಸಡಿಲಗೊಂಡುದನ್ನು ಮಾತ್ರ ತೆಗೆಯಬೇಕು. ಜಿಡ್ಡು, ಮಸಿಗಳಿಗೆ ತೀರ ದುರ್ಬಲವಾದ ಅಮೋನಿಯಾ ದ್ರಾವಣ ಮತ್ತು ಲವಣ ಬಿಡದ ಮಾರ್ಜಕವನ್ನು ನಮ್ಮ ಪುರಾತತ್ವ ರಸಾಯನತಜ್ಞರು ಬಹುಕಾಲದಿಂದ ಬಳಸುತ್ತಿದ್ದಾರೆ. ಹಟಮಾರಿ ಎಣ್ಣೆಬಣ್ಣಕ್ಕೂ ಲವಣಕ್ಕೂ ಜೇಡಿಮಣ್ಣಿನ ಅಥವಾ ಕಾಗದದ ತಿರುಳಿನ ಲೇಪಗಳಿವೆ.

ಇವೆಲ್ಲಕ್ಕೂ ಮುನ್ನ ಪಾಲಿಸಲೇಬೇಕಾದ ಒಂದು ನಿಯಮವಿದೆ. ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಚದರ ಅಡಿಯಷ್ಟು ಜಾಗದಲ್ಲಿ ಪ್ರಯೋಗ ನಡೆಸಿ, ಅದು ಪೂರ್ತಿ ಒಣಗಿ ಕೆಲವು ವಾರ ಕಳೆಯುವವರೆಗೆ ಕಾಯಬೇಕು. ಹಸಿ ಗೋಡೆ ಯಾವಾಗಲೂ ಸುಂದರವಾಗಿ ಕಾಣುತ್ತದೆ. ಸತ್ಯ ತಿಳಿಯುವುದು ಒಣಗಿದ ಮೇಲೆ. ಎಂಟು ನೂರು ವರ್ಷ ಹಳೆಯ ಕಲ್ಲು ನಿನ್ನೆ ಕಡಿದಂತೆ ಕಾಣಬೇಕೆಂಬ ಹಂಬಲವನ್ನೂ ಬಿಡಬೇಕು. ವಯಸ್ಸಿನ ಬಣ್ಣ ಕೊಳೆಯಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ನ್ಯಾಯವಾಗಿ ಪರಿಗಣಿಸಬೇಕು. ಗುಡಿ ಎಂಬುದು ವಸ್ತುಸಂಗ್ರಹಾಲಯವಲ್ಲ. ದೇವರ ಮನೆ ಬೆಳಗುತ್ತಿರಬೇಕು ಎಂದು ಭಕ್ತರು ಬಯಸುವುದು ಸಹಜ ಮತ್ತು ನಮ್ಮ ಪರಂಪರೆಗೆ ಅನುಗುಣವಾದುದು. ಸುಣ್ಣ ಬಳಿಯುವ ಪದ್ಧತಿಯನ್ನೇ ನೋಡಿ. ಗಾರೆ ಮೆತ್ತಿದ ಗೋಡೆಗೆ ಹಬ್ಬಕ್ಕೊಮ್ಮೆ ಸುಣ್ಣ ಬಳಿಯುತ್ತಿದ್ದ ನಮ್ಮ ಹಿರಿಯರು ಅರಿಯದೆಯೇ ಉತ್ತಮ ಸಂರಕ್ಷಕರಾಗಿದ್ದರು. ಸುಣ್ಣ ಗೋಡೆಯನ್ನು ಉಸಿರಾಡಲು ಬಿಡುತ್ತದೆ. ಮಳೆ ಬಿಸಿಲಿನ ಏಟನ್ನು ತಾನು ತಿಂದು, ಒಳಗಿನ ಗಾರೆಯನ್ನು ಕಾಯುತ್ತದೆ. ಆದುದರಿಂದ ಗಾರೆಯ ಗೋಡೆಗಳಿಗೆ ಸುಣ್ಣವನ್ನು ಮರಳಿ ತರೋಣ. ಕೆತ್ತನೆಯ ಕಲ್ಲನ್ನು ಕಲ್ಲಾಗಿಯೇ ಇರಲು ಬಿಡೋಣ. ಭಕ್ತಿಗೂ ಸಂರಕ್ಷಣೆಗೂ ಇದರಲ್ಲಿ ವಿರೋಧವಿಲ್ಲ.

ಮಾರ್ಚ್ ತಿಂಗಳ ಕಾಯಿಲೆ

ಸಮಸ್ಯೆಯ ಬೇರು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ನಮ್ಮ ಆಡಳಿತದ ಲೆಕ್ಕಪತ್ರದಲ್ಲಿದೆ ಎಂಬುದು ದೀರ್ಘಕಾಲ ಕಡತಗಳೊಡನೆ ಬದುಕಿದ ನನ್ನ ಅಭಿಪ್ರಾಯ. ಶುಚಿಗೊಳಿಸುವ ಕೆಲಸಕ್ಕೆ ಹಣ ಪಾವತಿಯಾಗುವುದು ಚದರ ಮೀಟರ್ ಲೆಕ್ಕದಲ್ಲಿ. ಹೀಗಿರುವಾಗ ಗುತ್ತಿಗೆದಾರ ಅತಿ ವೇಗದ ಉಪಕರಣವನ್ನು ಆರಿಸಿಕೊಳ್ಳುವುದು ಅವನ ದುಷ್ಟತನವಲ್ಲ, ಅರ್ಥಶಾಸ್ತ್ರದ ನಿಯಮ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಅಕ್ರಮಗಳಿಗೆ ಕಡಿವಾಣ ಹಾಕಿದ ಒಳ್ಳೆಯ ಕಾನೂನು. ಆದರೆ ಕಾಮಗಾರಿಯ ವಿವರಣೆಯಲ್ಲಿ 'ಹಳೆಯ ಗೋಡೆ ಸ್ವಚ್ಛಗೊಳಿಸುವುದು' ಎಂದಷ್ಟೇ ಬರೆದರೆ, ಕನಿಷ್ಠ ದರ ನಮೂದಿಸಿದವನು ಗೆಲ್ಲುತ್ತಾನೆ. ಕನಿಷ್ಠ ದರ ಸಾಧ್ಯವಾಗುವುದು ಮರಳಿನಿಂದ ಅಥವಾ ಆಮ್ಲದಿಂದ.

ಇದರೊಡನೆ ಕಾಲದ ಸಮಸ್ಯೆಯೂ ಸೇರುತ್ತದೆ. ಏಪ್ರಿಲ್‌ನಲ್ಲಿ ಬಜೆಟ್ ವರ್ಷ ಆರಂಭವಾದರೂ ಮಂಜೂರಾತಿ, ಟೆಂಡರ್‌ಗಳು ಮುಗಿಯುವಾಗ ಡಿಸೆಂಬರ್ ದಾಟಿರುತ್ತದೆ. ಮಾರ್ಚ್ 31ರೊಳಗೆ ಬಿಲ್ಲು ಆಗಬೇಕು. ಗೋಡೆಯ ಪ್ರಯೋಗಕ್ಕೆ, ಒಣಗುವಿಕೆಗೆ, ಜೀವನಾಶಕದ ಕಾಯುವಿಕೆಗೆ ಸಮಯವೆಲ್ಲಿ? ಪ್ರಕೃತಿಯ ಪಂಚಾಂಗ ಬೇರೆಯೇ ಇದೆ. ಸೋರಿಕೆ ಕಾಣುವುದು ಜುಲೈನಲ್ಲಿ. ಪ್ರಯೋಗಕ್ಕೆ ಯೋಗ್ಯವಾದುದು ಅಕ್ಟೋಬರ್. ಕೆಲಸಕ್ಕೆ ನವೆಂಬರ್‌ನಿಂದ ಫೆಬ್ರುವರಿ. ದೋಣಿ, ಕೊಳವೆಗಳ ಶುದ್ಧೀಕರಣಕ್ಕೆ ಮೇ.

ರಾಷ್ಟ್ರೀಯ ವರಮಾನದ ಲೆಕ್ಕದಲ್ಲಿಯೂ ಒಂದು ವಿಚಿತ್ರವಿದೆ. ಗುತ್ತಿಗೆದಾರನ ಬಿಲ್ಲು ಉತ್ಪಾದನೆಯ ಖಾತೆಗೆ ಸೇರುತ್ತದೆ. ಗೋಡೆ ಕಳೆದುಕೊಂಡ ಹೊರಮೈ, ಅಳಿದ ಶಾಸನ, ಇವು ಯಾವ ಸವಕಳಿಯ ಖಾತೆಯಲ್ಲೂ ಕಾಣುವುದಿಲ್ಲ. ಮರಳಿ ಪಡೆಯಲಾಗದ ವಸ್ತುವಿನ ವಿಷಯದಲ್ಲಿ ಅವಸರದ ನಿರ್ಧಾರಕ್ಕಿಂತ ಕಾಯುವುದೇ ಲಾಭಕರ ಎಂಬುದು ಅರ್ಥಶಾಸ್ತ್ರದ ಪ್ರಾಥಮಿಕ ವಿವೇಕ. ಏನು ಮಾಡಬೇಕೆಂದು ತಿಳಿಯದಿದ್ದಾಗ ಏನೂ ಮಾಡದಿರುವುದೂ ಒಂದು ಗೌರವಾನ್ವಿತ ಆಯ್ಕೆ.

ಏನು ಮಾಡಬಹುದು?

ಕಾನೂನುಗಳಿಗೆ ಕೊರತೆಯಿಲ್ಲ. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮ 2010ರ ತಿದ್ದುಪಡಿಯ ಬಳಿಕ ರಕ್ಷಿತ ಸ್ಮಾರಕವನ್ನು ವಿರೂಪಗೊಳಿಸಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ರಾಜ್ಯಕ್ಕೂ 1961ರ ತನ್ನದೇ ಕಾನೂನಿದೆ. ಆದರೆ ಇವು ಕಾಯುವುದು ಪಟ್ಟಿಯಲ್ಲಿರುವುದನ್ನು ಮಾತ್ರ. ಉಳಿದವುಗಳಿಗಾಗಿ ಕೆಲವು ಸರಳ ಕ್ರಮಗಳು ಸಾಧ್ಯ.

ಜಿಲ್ಲಾಡಳಿತ ಮತ್ತು ಮಹಾನಗರ ಪಾಲಿಕೆ ಸೇರಿ ಶಹಾಪುರ, ಕ್ಯಾಂಪ್, ಖಾನಾಪುರಗಳ ಹಳೆಯ ಕಟ್ಟಡಗಳ ಪಟ್ಟಿ ಮಾಡಿ, ಪ್ರತಿಯೊಂದು ಯಾವ ಕಲ್ಲಿನದು, ಯಾವ ಗಾರೆಯದು ಎಂಬುದನ್ನು ದಾಖಲಿಸಬೇಕು. ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಐತಿಹಾಸಿಕ ಗೋಡೆಗಳ ಶುದ್ಧೀಕರಣಕ್ಕೆ ಪ್ರತ್ಯೇಕ ಬಾಬು ಇರಬೇಕು. ಮರಳು, ಆಮ್ಲ, ಅಧಿಕ ಒತ್ತಡದ ನೀರು ಇವುಗಳಿಗೆ ಅದರಲ್ಲಿ ಸ್ಪಷ್ಟ ನಿಷೇಧವಿರಬೇಕು. ಪ್ರಯೋಗದ ತುಣುಕು ಒಪ್ಪಿಗೆಯಾಗದೆ ಕೆಲಸ ಆರಂಭಿಸಕೂಡದು. ಚದರ ಮೀಟರ್‌ಗೆ ಬದಲಾಗಿ ನುರಿತ ಕೆಲಸಗಾರನ ದಿನಗೂಲಿಯ ಲೆಕ್ಕದಲ್ಲಿ ಪಾವತಿಸಬೇಕು. ಮುಜರಾಯಿ ಇಲಾಖೆ ಜೀರ್ಣೋದ್ಧಾರಕ್ಕೆ ಅನುದಾನ ನೀಡುವಾಗ ಇದೇ ಷರತ್ತುಗಳನ್ನು ವಿಧಿಸಬಹುದು. ಸುಣ್ಣದ ಗಾರೆ ಅರೆಯಬಲ್ಲ ಹಿರಿಯ ಗೌಂಡಿಗಳಿಂದ ಎಳೆಯರಿಗೆ ತರಬೇತಿ ಕೊಡಿಸುವ ಕೆಲಸವನ್ನು ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಕೈಗೊಂಡರೆ ಕೆಲವರಿಗಾದರೂ ಒಳ್ಳೆಯ ಜೀವನೋಪಾಯವಾದೀತು. ಬ್ರಷ್ ಹಿಡಿದು ನಿಧಾನವಾಗಿ ಮಾಡುವ ಕೆಲಸದಲ್ಲಿ ಖರ್ಚಿನ ಹೆಚ್ಚಿನ ಪಾಲು ಕೂಲಿಯಾಗಿ ಊರಿನಲ್ಲೇ ಉಳಿಯುತ್ತದೆ ಎಂಬುದೂ ಗಮನಾರ್ಹ. 2016ರ ಜನವರಿಯಲ್ಲಿ ಪ್ರಕಟವಾದ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯಲ್ಲೇ ಸ್ಥಾನ ಪಡೆದ ನಗರಕ್ಕೆ ಇದು ಅಸಾಧ್ಯದ ಕೆಲಸವೇನಲ್ಲ.

ಬೆಳಗಾವಿಯ ಮಟ್ಟಿಗೆ ಈ ಎಚ್ಚರಕ್ಕೆ ವಿಶೇಷ ಅರ್ಥವಿದೆ. ಬೀಚಿರಾಜನ ಬಸದಿಗೆ ಸಂಬಂಧಿಸಿದ, ಶಕ ವರ್ಷ 1127ರ ಎರಡು ಶಾಸನಗಳು ಇಂದು ಬೆಳಗಾವಿಯಲ್ಲಿಲ್ಲ. ಅವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಎಲ್. ಡಿ. ಬಾರ್ನೆಟ್ ಅವುಗಳ ಪಾಠವನ್ನು ಎಪಿಗ್ರಾಫಿಯಾ ಇಂಡಿಕಾದ 13ನೆಯ ಸಂಪುಟದಲ್ಲಿ ಪ್ರಕಟಿಸಿದರು. ಕಾರ್ತವೀರ್ಯನ ಕಾಲದ ಈ ನೆಲದ ಚರಿತ್ರೆ ನಮಗೆ ತಿಳಿದಿರುವುದು ಆ ಅಕ್ಷರಗಳು ಅಳಿಯದೆ ಉಳಿದುದರಿಂದ. ಊರು ಯಾರದು ಎಂಬ ಬಗ್ಗೆ ದಶಕಗಳ ಕಾಲ ವಾದಿಸಿದವರು ನಾವು. ಊರಿನ ಸಾಕ್ಷ್ಯವನ್ನು ತನ್ನ ಮೈಮೇಲೆ ಹೊತ್ತು ನಿಂತ ಕಲ್ಲುಗಳ ಬಗ್ಗೆ, ಅವು ಕನ್ನಡದ್ದಿರಲಿ, ಮರಾಠಿಯದ್ದಿರಲಿ, ಪಾರಸಿಯದ್ದಿರಲಿ, ಅಷ್ಟೇ ಕಾಳಜಿ ತೋರಬೇಡವೇ? ಯಾವುದೋ ಗುಡಿಯ ಎಣ್ಣೆಬಣ್ಣದ ಅಡಿಯಲ್ಲಿ, ಯಾವುದೋ ಕಂಬದ ಪಾಚಿಯ ಹಿಂದೆ ಇನ್ನೂ ಓದದ ಸಾಲುಗಳಿರಬಹುದು. ಪಾಚಿ ಅವನ್ನು ಮರೆಮಾಡಿದೆ, ಅಳಿಸಿಲ್ಲ.

ಮುಂದಿನ ಮಳೆಗಾಲದಲ್ಲಿ ನಮ್ಮ ದೇವಸ್ಥಾನ ಸಮಿತಿಗಳು, ವಾಡೆಗಳ ಯಜಮಾನರು, ಹಳೆಯ ಶಾಲೆಗಳ ಆಡಳಿತ ಮಂಡಳಿಗಳು ಒಂದು ಸಣ್ಣ ಕೆಲಸ ಮಾಡಲಿ. ಕೊಡೆ ಹಿಡಿದು ಕಟ್ಟಡವನ್ನು ಒಂದು ಸುತ್ತು ಬಂದು ನೀರು ಎಲ್ಲಿ ಇಳಿಯುತ್ತಿದೆ ಎಂದು ನೋಡಿ ಬರೆದಿಟ್ಟುಕೊಳ್ಳಲಿ. ಆ ಸೋರಿಕೆಯನ್ನು ನಿಲ್ಲಿಸಿದ ಮೇಲೆ ಬ್ರಷ್ ಬೇಕೇ, ಎಷ್ಟು ಬೇಕು ಎಂಬುದನ್ನು ಅಕ್ಟೋಬರ್‌ನಲ್ಲಿ ನಿರ್ಧರಿಸಿದರಾಯಿತು. ಅಷ್ಟರವರೆಗೆ ಯಂತ್ರ ತಂದವರನ್ನು ಒಂದು ಲೋಟ ಚಹಾ ಕೊಟ್ಟು ಮರಳಿ ಕಳುಹಿಸುವುದು ಲೇಸು.